ಹಳೆ ಕಂಪ್ಯೂಟರ್ ಓವರ್‌ಕ್ಲಾಕ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ನಮ್ಮಜ್ಜಿ ಹಾಡಿದ 14 ಬೀಸುವ ಪದಗಳಲ್ಲಿ 5 ಈಗ ನನ್ನ ಹತ್ತಿರ ಇಲ್ಲ. ಕಂಪ್ಯೂಟರ್ ಆಟದಲ್ಲಿ ಸೆಕೆಂಡಿಗೆ ನಾಲ್ಕು ಫ್ರೇಮ್ (ಪರದೆಯ ಮೇಲೆ ಬದಲಾಗುವ ಚಿತ್ರ) ಜಾಸ್ತಿ ಸಿಗಲಿ ಅಂತ ಮಾಡಿದ ಕೆಲಸದಲ್ಲಿ ಅವು ಹೋದವು. ಹೋಗಿದ್ದು ನನಗೆ ಗೊತ್ತಾಗಿದ್ದು ಒಂಬತ್ತು ತಿಂಗಳ ನಂತರ. ಹಳೆ ಕಂಪ್ಯೂಟರ್‌ಗೆ ವೇಗ ಕೂಡಿಸಲು (ಓವರ್‌ಕ್ಲಾಕ್, ಅಂದರೆ ಚಿಪ್ಪನ್ನು ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸುವುದು) ಹೊರಟವರು ಯಾರಾದರೂ ಇದ್ದರೆ ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆ ಕಲಬುರಗಿಯಲ್ಲಿ, ಮೇಲಿನ ಮಹಡಿ. ಕಂಪ್ಯೂಟರ್ 2012ರದ್ದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇಡೀ ದಿನ ಅಲೆದು, ಬಿಡಿಬಿಡಿಯಾಗಿ ಕೊಂಡು ಜೋಡಿಸಿದ್ದು. ಇಂಟೆಲ್ ಕೋರ್ ಐ5-2500ಕೆ ಪ್ರೊಸೆಸರ್, ಝಡ್68 ಮದರ್‌ಬೋರ್ಡ್, 8 ಜಿಬಿ ರ್‍ಯಾಮ್. ಕೊನೆಯಲ್ಲಿ ದುಡ್ಡು ಕಮ್ಮಿ ಬಿತ್ತು. ಹಾಗಾಗಿ ಪವರ್ ಸಪ್ಲೈ ಬೇರೆ ತೆಗೆದುಕೊಳ್ಳಲಿಲ್ಲ. ಕ್ಯಾಬಿನೆಟ್ ಜೊತೆ ಬಂದಿದ್ದನ್ನೇ ಇಟ್ಟುಕೊಂಡೆ. ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು. 2019ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 960 ಗ್ರಾಫಿಕ್ಸ್ ಕಾರ್ಡ್ ಹಾಕಿದೆ. ಆ ಕಾರ್ಡಿಗೆ 400 ವ್ಯಾಟ್ ಸಪ್ಲೈ ಸಾಕು ಅಂತ ಎನ್‌ವಿಡಿಯಾದವರೇ ಹೇಳಿದ್ದಾರೆ. ನನ್ನದು 450. ಸರಿಹೋಯಿತು ಅಂದುಕೊಂಡೆ.

2021ರ ಜನವರಿಯಲ್ಲಿ ಓವರ್‌ಕ್ಲಾಕ್‌ಗೆ ಕೈ ಹಾಕಿದೆ. 2500ಕೆ ಅಂದರೆ ಈ ವಿಷಯದಲ್ಲಿ ಹೆಸರು ಮಾಡಿದ ಚಿಪ್. ಹೆಸರಿನ ಕೊನೆಯ 'ಕೆ' ಅಂದರೆ ಮಲ್ಟಿಪ್ಲೈಯರ್‌ಗೆ (ವೇಗದ ಗುಣಕಕ್ಕೆ) ಬೀಗ ಇಲ್ಲ ಅಂತ. ಮೂಲ ಗಡಿಯಾರದ (ಬೇಸ್ ಕ್ಲಾಕ್) ವೇಗ 100 ಮೆಗಾಹರ್ಟ್ಸ್, ಅದಕ್ಕೆ 33ರ ಗುಣಕ, ಹಾಗಾಗಿ 3.3 ಗಿಗಾಹರ್ಟ್ಸ್. ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪರದೆ) 33 ತೆಗೆದು 45 ಬರೆದರೆ 4.5. ಒಂದೇ ಸಂಖ್ಯೆ! ವೋಲ್ಟೇಜನ್ನು 'ಆಟೋ'ದಲ್ಲೇ ಬಿಟ್ಟೆ. ಬೋರ್ಡಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ ಅಲ್ವಾ ಅಂತ. ಗ್ರಾಫಿಕ್ಸ್ ಕಾರ್ಡಿಗೆ ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ, ಕಾರ್ಡಿನ ವೇಗ ಬದಲಿಸುವ ತಂತ್ರಾಂಶ ಹಾಕಿ, ಕೋರ್ ವೇಗವನ್ನೂ ಮೆಮೊರಿ ವೇಗವನ್ನೂ ಏರಿಸಿದೆ.

ಪ್ರೊಸೆಸರನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಪ್ರೈಮ್95 ಅನ್ನು 20 ನಿಮಿಷ ಓಡಿಸಿದೆ. ಜನವರಿಯ ರಾತ್ರಿ, ಕಿಟಕಿ ತೆರೆದಿತ್ತು. ಪ್ರೊಸೆಸರ್ 78 ಡಿಗ್ರಿಯಲ್ಲಿ ನಿಂತಿತು. ಹ್ಯಾಂಗ್ ಆಗಲಿಲ್ಲ, ನೀಲಿ ಪರದೆ ಬರಲಿಲ್ಲ. ಆಟ ಶುರು ಮಾಡಿದೆ. ಮೊದಲು 38 ಫ್ರೇಮ್ ಬರುತ್ತಿದ್ದಲ್ಲಿ 42 ಬಂತು. ತುಂಬಾ ಖುಷಿಯಾಯಿತು.

ಆ ಖುಷಿಯಲ್ಲಿ ಕೆಲವು ಸೂಚನೆಗಳನ್ನು ಕಂಡೂ ಬಿಟ್ಟುಬಿಟ್ಟೆ. ಒಮ್ಮೊಮ್ಮೆ ಬ್ರೌಸರ್‌ನ ಒಂದು ಟ್ಯಾಬ್ ಮಾತ್ರ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಆಟದಲ್ಲಿ ಆಕಾಶದ ಮೇಲೆ ಬಣ್ಣದ ಚುಕ್ಕೆಗಳು ಮಿಂಚಿ ಮಾಯವಾಗುತ್ತಿದ್ದವು. ಕಂಪ್ಯೂಟರಿನ ದೋಷಗಳ ಪಟ್ಟಿ ತೋರಿಸುವ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದಾಗ 'ಡಬ್ಲ್ಯೂಎಚ್ಇಎ-ಲಾಗರ್, 19' ಅನ್ನುವ ಹಳದಿ ಗುರುತಿನ ಸಾಲುಗಳು ಕಂಡವು. ಹಾರ್ಡ್‌ವೇರ್‌ನಲ್ಲಿ ತಪ್ಪಾಗಿತ್ತು, ಸರಿಪಡಿಸಲಾಗಿದೆ ಅಂತ ಅದರ ಅರ್ಥ. ಸರಿಪಡಿಸಿದೆಯಲ್ಲ, ಮತ್ತೇನು ಅಂತ ಮುಚ್ಚಿದೆ. ಇದು ಎಲ್ಲಕ್ಕಿಂತ ದೊಡ್ಡ ತಪ್ಪು. ಆ ಸಾಲುಗಳು ಬರುತ್ತಿವೆ ಅಂದರೆ ಪ್ರೊಸೆಸರ್ ಆ ವೇಗದಲ್ಲಿ ಅಂಚಿನ ಮೇಲೆ ನಿಂತಿದೆ ಅಂತ. ಅದು ಹಿಡಿದ ತಪ್ಪುಗಳಷ್ಟೇ ಅಲ್ಲಿ ಕಾಣುತ್ತವೆ. ಅದರ ಕೈಗೆ ಸಿಗದೆ ಹೋದ ತಪ್ಪು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಸುಮ್ನೆ ನಿಮ್ಮ ಫೈಲಿನೊಳಗೆ ಹೋಗಿ ಕೂರುತ್ತದೆ.

ಆಟದಲ್ಲಿ ಒಂದು ಲೆಕ್ಕ ತಪ್ಪಿದರೆ ಒಂದು ಚುಕ್ಕೆಯ ಬಣ್ಣ ಕ್ಷಣ ಹೊತ್ತು ತಪ್ಪಾಗುತ್ತದೆ, ಮುಂದಿನ ಫ್ರೇಮ್‌ನಲ್ಲಿ ಸರಿಹೋಗುತ್ತದೆ. ಅದೇ ತಪ್ಪು ಜಿಪ್ ಮಾಡುವಾಗ (ಫೈಲುಗಳನ್ನು ಕುಗ್ಗಿಸಿ ಒಂದರೊಳಗೆ ಕಟ್ಟುವಾಗ) ಆದರೆ ಆ ಫೈಲು ಡಿಸ್ಕಿನ ಮೇಲೆ ಶಾಶ್ವತವಾಗಿ ಕೆಟ್ಟಂತೆ. ಇಷ್ಟು ಚಿಕ್ಕ ವಿಷಯ ನನಗೆ ಹೊಳೆದಿರಲಿಲ್ಲ.

ಈಗ ಹಾಡಿನ ಮಾತು. ನಮ್ಮಜ್ಜಿಯ ಊರು ಆಳಂದ ತಾಲ್ಲೂಕಿನ ಹಳ್ಳಿ. ಚಿಕ್ಕಂದಿನಿಂದ ನಸುಕಿನಲ್ಲಿ ಎದ್ದು ಜೋಳ ಬೀಸಿದ ಕೈ. ಬೀಸುವ ಕಲ್ಲು ಮೂಲೆ ಸೇರಿ ಎಷ್ಟೋ ವರ್ಷವಾಗಿದ್ದರೂ ಪದಗಳು ಬಾಯಲ್ಲಿದ್ದವು. 2020ರ ದಸರೆಗೆ ನಮ್ಮ ಮನೆಗೆ ಬಂದಾಗ ಮೂರು ದಿನ ಕೂರಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. 14 ಪದ. ತವರಿನದು, ಅಣ್ಣ ತಂಗಿಯದು, ಮಳೆ ಬಾರದ ವರ್ಷದ್ದು. ಕಲ್ಲಿಲ್ಲದೆ ಹಾಡಲು ಅವರಿಗೆ ಬರುತ್ತಿರಲಿಲ್ಲ. ಕೈ ತಾನಾಗಿ ಗಾಳಿಯಲ್ಲಿ ಸುತ್ತುತ್ತಿತ್ತು.

2021ರ ಫೆಬ್ರವರಿಯಲ್ಲಿ ಫೋನ್ ತುಂಬಿತು. ಹಾಡುಗಳನ್ನು ಕಂಪ್ಯೂಟರಿಗೆ ಹಾಕಿದೆ, ಎಲ್ಲ ಸೇರಿಸಿ ಒಂದು ಜಿಪ್ ಮಾಡಿದೆ, ಅದನ್ನು ಪೆನ್ ಡ್ರೈವಿಗೂ ಹಾಕಿದೆ. ಎರಡು ಕಡೆ ಇದೆಯಲ್ಲ ಅಂತ ಫೋನಿನಿಂದ ಅಳಿಸಿದೆ. ಓವರ್‌ಕ್ಲಾಕ್ ಮಾಡಿ ಆಗ ಒಂದು ತಿಂಗಳು. ಜಿಪ್ ತೆರೆದು ನೋಡಲಿಲ್ಲ.

ಮೇ ತಿಂಗಳು ಬಂತು. ಕಲಬುರಗಿಯ ಬೇಸಿಗೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಹೊರಗೆ 40 ದಾಟಿದ ದಿನ ಆರ್‌ಸಿಸಿ ಚಾವಣಿಯ ಕೆಳಗೆ ರಾತ್ರಿಯೂ ಗೋಡೆ ಬಿಸಿ. ಜನವರಿಯಲ್ಲಿ 78 ತೋರಿಸಿದ ಪ್ರೊಸೆಸರ್ ಈಗ 90 ದಾಟುತ್ತಿತ್ತು. ಒಂದು ಸಂಜೆ ಆಟದ ನಡುವೆ ಪಟ್ ಅಂತ ಸದ್ದಾಯಿತು. ಪರದೆ ಕಪ್ಪಾಯಿತು. ಸುಟ್ಟ ಪ್ಲಾಸ್ಟಿಕ್‌ನಂಥ ವಾಸನೆ, ಹಿಂದಿನಿಂದ ಸಣ್ಣಗೆ ಹೊಗೆ. ಓಡಿಹೋಗಿ ಸ್ವಿಚ್ ಆರಿಸಿದೆ. ಪಕ್ಕದಲ್ಲಿ ಮಗಳು ಚಾಪೆಯ ಮೇಲೆ ಕೂತು ಚಿತ್ರ ಬರೆಯುತ್ತಿದ್ದಳು. ಆ ಹೆದರಿಕೆ ಇನ್ನೂ ಹೋಗಿಲ್ಲ.

ಮರುದಿನ ಪವರ್ ಸಪ್ಲೈ ಬಿಚ್ಚದೆ ಹೊರಗೆ ತೆಗೆದು (ಅದರೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ ಕರೆಂಟ್ ಉಳಿದಿರುತ್ತದೆ, ನೀವೂ ಬಿಚ್ಚಬೇಡಿ) ಪಕ್ಕದ ಚೀಟಿಯನ್ನು ಮೊದಲ ಸಲ ಸರಿಯಾಗಿ ಓದಿದೆ. 450 ಅನ್ನುವುದು ದೊಡ್ಡ ಅಕ್ಷರ. ಕೆಳಗೆ ಸಣ್ಣ ಅಕ್ಷರದಲ್ಲಿ 12 ವೋಲ್ಟ್ ಸಾಲಿಗೆ 16 ಆಂಪಿಯರ್. 12ನ್ನು 16ರಿಂದ ಗುಣಿಸಿದರೆ 192 ವ್ಯಾಟ್. ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ಹೆಚ್ಚುಕಡಿಮೆ ಎಲ್ಲ ಕರೆಂಟೂ ಈ 12 ವೋಲ್ಟಿನಿಂದಲೇ ಬರುತ್ತದೆ. 2500ಕೆಗೆ 95 ವ್ಯಾಟ್, ಜಿಟಿಎಕ್ಸ್ 960ಕ್ಕೆ 120 ವ್ಯಾಟ್ ಅಂತ ಕಂಪನಿಯ ಲೆಕ್ಕ. ಕೂಡಿದರೆ 215. ಅಂದರೆ ಎರಡೂ ಪೂರ್ತಿ ದುಡಿದರೆ, ನಾನು ಬಯೋಸ್ ಮುಟ್ಟುವ ಮೊದಲೇ ಅದರ ಶಕ್ತಿ ಮೀರುತ್ತಿತ್ತು.

ಅದರ ಮೇಲೆ ನಾನು ಹೊರೆ ಏರಿಸಿದೆ. ಚಿಪ್ ಎಳೆಯುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜ್ ಜೊತೆ ಮಾತ್ರ ಅದರ ವರ್ಗದಷ್ಟು ಏರುತ್ತದೆ. ನನ್ನ ಬೋರ್ಡ್ 'ಆಟೋ'ದಲ್ಲಿ 1.4 ವೋಲ್ಟ್ ಕೊಡುತ್ತಿತ್ತು. ಮೊದಲು ಸುಮಾರು 1.2 ಇತ್ತು. ವೇಗದಿಂದ 1.36 ಪಟ್ಟು, ವೋಲ್ಟೇಜಿನಿಂದ ಮತ್ತೆ 1.36 ಪಟ್ಟು. ಗುಣಿಸಿದರೆ 1.85 ಪಟ್ಟು. ಆಟೋದಲ್ಲಿ ಬಿಟ್ಟರೆ ಎಷ್ಟೋ ಬೋರ್ಡುಗಳು ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೊಡುತ್ತವೆ ಅಂತ ಆಮೇಲೆ ತಿಳಿಯಿತು.

ಇನ್ನೊಂದು ವಿಷಯ. ಆ ಸಪ್ಲೈಯಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ 6 ಪಿನ್ ವೈರೇ ಇರಲಿಲ್ಲ. ಹಾರ್ಡ್ ಡಿಸ್ಕಿನ ಹಳೆ ಮೋಲೆಕ್ಸ್ ವೈರಿನಿಂದ ಅಡಾಪ್ಟರ್ ಹಾಕಿ ಕೊಟ್ಟಿದ್ದೆ. ತೆಗೆದು ನೋಡಿದರೆ ಅದರ ಬಿಳಿ ಪ್ಲಾಸ್ಟಿಕ್ ಕಂದು ತಿರುಗಿ ಪಿನ್ನಿಗೆ ಅಂಟಿಕೊಂಡಿತ್ತು. 6 ಪಿನ್ ವೈರ್ ಇಲ್ಲದ ಪವರ್ ಸಪ್ಲೈ ಅಂಥ ಕಾರ್ಡಿಗಾಗಿ ಮಾಡಿದ್ದೇ ಅಲ್ಲ. ಆಗ ಇದು ತಲೆಗೆ ಹೋಗಲಿಲ್ಲ.

ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಪವರ್ ಸಪ್ಲೈಯಲ್ಲೂ ಬೋರ್ಡಿನ ಮೇಲೂ ಇರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಒಳಗೆ ದ್ರವ ಇರುತ್ತದೆ. ಅದು ವರ್ಷ ಕಳೆದಂತೆ ಒಣಗುತ್ತದೆ. ಬಿಸಿ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಅರ್ಧವಾಗುತ್ತದೆ ಅನ್ನುವುದು ರಿಪೇರಿಯವರೆಲ್ಲ ಬಳಸುವ ಅಂದಾಜು. ಹೊಸದರಲ್ಲಿ ಆ ಚಿಪ್ಪಿನಲ್ಲಿ 4.5 ಮುಟ್ಟಿದವರ ಕಥೆಗಳನ್ನು ಓದಿ ನಾನು 9 ವರ್ಷ ಬಿಸಿಲೂರಿನಲ್ಲಿ ದುಡಿದ ಯಂತ್ರದ ಮೇಲೆ ಅದೇ ಸಂಖ್ಯೆ ಬರೆದಿದ್ದೆ.

ಸಪ್ಲೈ ಹೋಗುವಾಗ ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಯಿತು. ಒಳ್ಳೆಯ ಸಪ್ಲೈಗಳಲ್ಲಿ ವೋಲ್ಟೇಜ್ ಏರಿದರೆ ತಾನೇ ಆರಿಹೋಗುವ ವ್ಯವಸ್ಥೆ ಇರುತ್ತದೆ. ಇದರಲ್ಲಿ ಅದು ಇತ್ತೋ ಇಲ್ಲವೋ, ಕೆಲಸವಂತೂ ಮಾಡಲಿಲ್ಲ. ಡಿಸ್ಕ್ ತಿರುಗುತ್ತಲೇ ಇರಲಿಲ್ಲ. ನಾನು ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಹಾಡು ಪೆನ್ ಡ್ರೈವಿನಲ್ಲಿದೆ ಅನ್ನುವ ಧೈರ್ಯ. ಸತ್ತ ಬೋರ್ಡ್, ಸಪ್ಲೈ, ಡಿಸ್ಕ್ ಎಲ್ಲವನ್ನೂ ಗುಜರಿಗೆ ಹಾಕಿದೆ. 3.5 ಇಂಚಿನ ಎಷ್ಟೋ ಡಿಸ್ಕುಗಳ ಬೋರ್ಡಿನ ಮೇಲೆ ಜಾಸ್ತಿ ವೋಲ್ಟೇಜ್ ಬಂದಾಗ ತಾನು ಸತ್ತು ಉಳಿದಿದ್ದನ್ನು ಕಾಯುವ ಟಿವಿಎಸ್ ಡಯೋಡ್ ಅನ್ನುವ ಚಿಕ್ಕ ಭಾಗ ಇರುತ್ತದಂತೆ. ಅದೊಂದೇ ಹೋಗಿದ್ದರೆ ಬಲ್ಲವರ ಕೈಯಲ್ಲಿ ಡೇಟಾ ಪೂರ್ತಿ ಸಿಗಬಹುದಿತ್ತು. ದಯವಿಟ್ಟು, ಸತ್ತ ಡಿಸ್ಕನ್ನು ಅವಸರದಲ್ಲಿ ಎಸೆಯಬೇಡಿ.

ಅಜ್ಜಿ ಆ ವರ್ಷ ಅಕ್ಟೋಬರ್‌ನಲ್ಲಿ ತೀರಿಕೊಂಡರು. ನವೆಂಬರ್‌ನಲ್ಲಿ ಅಮ್ಮ ಹಾಡು ಕೇಳಬೇಕು ಅಂದರು. ಪೆನ್ ಡ್ರೈವ್ ಹಾಕಿ ಜಿಪ್ ತೆರೆದೆ. ಐದು ಫೈಲುಗಳ ಮುಂದೆ 'ಸಿಆರ್‌ಸಿ ಎರರ್' ಬಂತು. ಜಿಪ್ ಮಾಡುವಾಗ ಪ್ರತಿ ಫೈಲಿಗೂ ಒಂದು ತಾಳೆ ಸಂಖ್ಯೆ ಬರೆದಿಡುತ್ತದೆ, ತೆರೆಯುವಾಗ ಅದು ಹೊಂದಲಿಲ್ಲ ಅಂತ ಅರ್ಥ. ಬೇರೆ ಮೂರು ಕಂಪ್ಯೂಟರ್‌ಗಳಲ್ಲಿ ನೋಡಿದೆ, ಅದೇ ಐದು. ಪೆನ್ ಡ್ರೈವನ್ನೂ ಪರೀಕ್ಷೆ ಮಾಡಿಸಿದೆ, ಅದರಲ್ಲಿ ಒಂದು ದೋಷವೂ ಸಿಗಲಿಲ್ಲ. ಫೆಬ್ರವರಿಯ ಆ ಮಧ್ಯಾಹ್ನ ನನ್ನ ಪ್ರೊಸೆಸರ್ ಬರೆದಿದ್ದೇ ತಪ್ಪು ಅನ್ನುವುದು ಬಿಟ್ಟರೆ ನನಗೆ ಬೇರೆ ಕಾರಣ ಕಾಣುವುದಿಲ್ಲ. ಆಗಲೇ ಒಮ್ಮೆ ತೆರೆದು ನೋಡಿದ್ದರೆ ಅಜ್ಜಿ ಇನ್ನೂ ಎಂಟು ತಿಂಗಳು ಇದ್ದರು. ಇನ್ನೊಮ್ಮೆ ಹಾಡುತ್ತಿದ್ದರು.

ಇಷ್ಟೆಲ್ಲ ಮಾಡಿದ ಆ ನಾಲ್ಕು ಫ್ರೇಮ್ ಕೂಡ ಪ್ರೊಸೆಸರ್‌ನಿಂದ ಬಂದಿದ್ದಲ್ಲ. ಆಫ್ಟರ್‌ಬರ್ನರ್‌ನಲ್ಲಿ ಆಗಲೇ ಕಾಣುತ್ತಿತ್ತು: ಗ್ರಾಫಿಕ್ಸ್ ಕಾರ್ಡ್ 99% ದುಡಿಯುತ್ತಿತ್ತು, ಪ್ರೊಸೆಸರ್ 55%. ಕಾಯುತ್ತಾ ಕೂತವನಿಗೆ ಇನ್ನಷ್ಟು ಓಡು ಅಂದಹಾಗೆ ಆಯಿತು. ರೆಸಲ್ಯೂಶನ್ 1920×1080ರಿಂದ 1600×900ಕ್ಕೆ ಇಳಿಸಿದ್ದರೆ ಕಾರ್ಡ್ ಬಿಡಿಸಬೇಕಾದ ಚುಕ್ಕೆಗಳು ಸುಮಾರು 30% ಕಮ್ಮಿ ಆಗುತ್ತಿದ್ದವು. ನೆರಳಿನ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿದ್ದರೆ ಇನ್ನಷ್ಟು ಹಗುರ. ಒಂದು ಪೈಸೆ ಖರ್ಚಿಲ್ಲ, ಒಂದು ಡಿಗ್ರಿ ಬಿಸಿ ಇಲ್ಲ.

ನಿಮ್ಮ ಯಂತ್ರ ಹಳೆಯದಿದ್ದರೆ ಮೊದಲು ಧೂಳು ತೆಗೆಯಿರಿ. ಪ್ರೊಸೆಸರ್‌ನ ಬಿಸಿ ಹೀರುವ ಹೀಟ್‌ಸಿಂಕ್ ಕೆಳಗಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿರುತ್ತದೆ, ಹೊಸದು ಹಾಕಿ. ರ್‍ಯಾಮ್ ಒಂದೇ ಕಡ್ಡಿ ಇದ್ದರೆ ಜೋಡಿ ಮಾಡಿ, ಬೋರ್ಡಿನಲ್ಲೇ ಇರುವ ಗ್ರಾಫಿಕ್ಸ್ ಬಳಸುವವರಿಗೆ ಇದರಿಂದ ಕಣ್ಣಿಗೆ ಕಾಣುವಷ್ಟು ಫರಕ್ ಬೀಳುತ್ತದೆ. ಪವರ್ ಸಪ್ಲೈ ಚೀಟಿಯಲ್ಲಿ ದೊಡ್ಡ ಸಂಖ್ಯೆ ಬಿಟ್ಟು 12 ವೋಲ್ಟಿನ ಆಂಪಿಯರ್ ಓದಿ. 'ಕೆ' ಇಲ್ಲದ ಸ್ಯಾಂಡಿ ಬ್ರಿಡ್ಜ್ (ನನ್ನ 2500ಕೆಯದೇ ಪೀಳಿಗೆ) ಚಿಪ್ ಇರುವವರು ಮೂಲ ಗಡಿಯಾರ 100ರಿಂದ ಏರಿಸುವ ಉಪಾಯಕ್ಕೆ ಖಂಡಿತ ಹೋಗಬೇಡಿ. ಡಿಸ್ಕ್ ಜೋಡಿಸುವ ಸಾಟಾ, ಗ್ರಾಫಿಕ್ಸ್ ಕಾರ್ಡ್ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ಎರಡೂ ಅದೇ ಗಡಿಯಾರಕ್ಕೆ ಕಟ್ಟಿಕೊಂಡಿವೆ. ಅಲ್ಲಿ ಏರುಪೇರಾದರೆ ಪೆಟ್ಟು ಬೀಳುವುದು ನೇರ ಡಿಸ್ಕಿನ ಬರವಣಿಗೆಗೆ.

ಈಗಾಗಲೇ ಓವರ್‌ಕ್ಲಾಕ್ ಮಾಡಿಟ್ಟವರಿಗೆ ಒಂದು ಬೇಡಿಕೆ. ಇವತ್ತೇ ಬಯೋಸ್‌ನಲ್ಲಿ ಎಲ್ಲವನ್ನೂ ಮೊದಲಿನಂತೆ ಮಾಡಿ. ಆಮೇಲೆ ಆ ದಿನಗಳಲ್ಲಿ ಮಾಡಿದ ಪ್ರತಿ ಜಿಪ್ಪನ್ನೂ 7-ಜಿಪ್ ಅನ್ನುವ ತಂತ್ರಾಂಶದಲ್ಲಿ ತೆರೆದು 'ಟೆಸ್ಟ್' ಒತ್ತಿ. ಮದುವೆಯ ವಿಡಿಯೊ, ಮಕ್ಕಳ ಫೋಟೊಗಳನ್ನು ಒಂದೊಂದಾಗಿ ತೆರೆಯಿರಿ. ಮೂಲ ಪ್ರತಿ ಇನ್ನೂ ಫೋನಿನಲ್ಲೋ ಕ್ಯಾಮೆರಾ ಕಾರ್ಡಿನಲ್ಲೋ ಇರಬಹುದು.

ನನ್ನ ಐದು ಫೈಲುಗಳಲ್ಲಿ ಒಂದು 2 ನಿಮಿಷ 10 ಸೆಕೆಂಡಿನವರೆಗೆ ಸರಿಯಾಗಿ ಕೇಳಿಸುತ್ತದೆ. ಅಣ್ಣ ತಂಗಿಯ ಪದ ಅದು. ತಂಗಿ ತವರಿನ ಬಾಗಿಲಿಗೆ ಬಂದು ನಿಂತಲ್ಲಿಗೆ ಗರ್ ಅಂತ ಸದ್ದಾಗಿ ನಿಲ್ಲುತ್ತದೆ. ಆಮೇಲೆ ಏನಾಯಿತು ಅಂತ ಅಮ್ಮನಿಗೂ ನೆನಪಿಲ್ಲ. ಅಜ್ಜಿಯ ಊರಿನಲ್ಲಿ ಅವರ ಜೊತೆ ಬೀಸುತ್ತಿದ್ದ ಒಬ್ಬರು ಇನ್ನೂ ಇದ್ದಾರಂತೆ. ಬರುವ ಭಾನುವಾರ ಹೋಗುತ್ತಿದ್ದೇವೆ.