ಮಳೆಗಾಲದ ಕುಲುಮೆಗೆ ಯಾವ ಲೇಪ?

ಗ್ಯಾಸ್ ಕುಲುಮೆಯೊಳಗಿನ ಸೆರಾಮಿಕ್ ಫೈಬರ್ (ಶಾಖ ತಡೆಯುವ ಉಣ್ಣೆಯಂಥ ಎಳೆ) ಹೊದಿಕೆಯನ್ನು ಬರಿದಾಗಿ ಬಿಡುವಂತಿಲ್ಲ. ಉರಿಯ ರಭಸಕ್ಕೆ ಎಳೆಗಳು ಉದುರಿ ಗಾಳಿಗೆ ಸೇರುತ್ತವೆ. ಬೆಸುಗೆಗೆ ಹಾಕುವ ಬಿಳಿಗಾರ ಕರಗಿ, ತಾಗಿದಲ್ಲೆಲ್ಲ ಕೊರೆಯುತ್ತದೆ. ತೀರ್ಥಹಳ್ಳಿಯಲ್ಲಿ ಅಡಿಕೆ ಕತ್ತಿ, ಕುಡುಗೋಲು ಬಡಿಯುವ ನನ್ನ ಕುಲುಮೆಗೆ ಮೂರು ಲೇಪ ಹಚ್ಚಿ ನೋಡಿದ್ದೇನೆ.

ಅಗ್ಗದ್ದು ಫೈರ್‌ಕ್ಲೇ, ಅಂದರೆ ಶಾಖ ತಾಳುವ ಜೇಡಿಯ ಪುಡಿಗೆ ಸೋಡಿಯಂ ಸಿಲಿಕೇಟ್ ಎಂಬ ಅಂಟುದ್ರವ ಕಲಸಿದ್ದು. ಸೊಗಸಾಗಿ ಅಂಟುತ್ತದೆ, ಗೋಳು ಶುರುವಾಗುವುದು ಒಣಗುವಾಗ. ಮೇಲೆ ಕೆನೆ ಕಟ್ಟಿ ಒಳಗಿನ ನೀರು ಅಲ್ಲೇ ಉಳಿಯುತ್ತದೆ. ಆಷಾಢದ ಗಾಳಿಯಲ್ಲಂತೂ ಎಷ್ಟು ಹೊತ್ತು ಕಾದರೂ ಬೆರಳಿಗೆ ಜಿಗುಟು. ಉರಿ ಕೊಟ್ಟೊಡನೆ ಎಣ್ಣೆಗೆ ಬಿದ್ದ ಹಪ್ಪಳದಂತೆ ಉಬ್ಬಿ ಚಕ್ಕೆಯೇಳುತ್ತದೆ. ಮೇಲಾಗಿ ಅದರ ಸೋಡಿಯಂ, ಮಣ್ಣು ಕರಗುವ ಉಷ್ಣತೆಯನ್ನೇ ಇಳಿಸುವುದರಿಂದ ಬೆಸುಗೆಯ ಶಾಖಕ್ಕೆ ಗೋಡೆ ಮೆತ್ತಗಾಗುತ್ತದೆ. ನನ್ನ ಮಟ್ಟಿಗೆ ಅದು ಒಲೆಗೆ ಸರಿ, ಕುಲುಮೆಗಲ್ಲ.

ಎರಡನೆಯದು ಹೈ ಅಲ್ಯುಮಿನಾ ಕ್ಯಾಸ್ಟೇಬಲ್: ನೀರಲ್ಲಿ ಕಲಸುವ, ಶಾಖ ತಾಳುವ ಸಿಮೆಂಟಿನ ಜಾತಿಯದು. ಮೊದಲ 24 ಗಂಟೆ ಅದು ತೇವದಲ್ಲೇ ಗಟ್ಟಿಯಾಗಬೇಕು, ಒದ್ದೆ ಗೋಣಿ ಹೊದಿಸಬೇಕು. ಮಲೆನಾಡಿನ ಮಳೆ ಆ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡುತ್ತದೆ. ಆಮೇಲೆ ಒಣಗಿಸಲು ಹೊರಟರೆ ಅದೇ ಮಳೆ ವೈರಿ. ಬಿಳಿಗಾರಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಆದರೆ ತೂಕದ ವಸ್ತು, ಕಾಯಲು ಹೊತ್ತು ಹಿಡಿಯುತ್ತದೆ, ಸಿಲಿಂಡರ್ ಬೇಗ ಬರಿದಾಗುತ್ತದೆ.

ನನಗೆ ಒಗ್ಗಿದ್ದು ಮೂರನೆಯದು: ಕೊಲಾಯ್ಡಲ್ ಸಿಲಿಕಾ (ನೀರಿನಲ್ಲಿ ತೇಲುವ ಅತಿಸಣ್ಣ ಸಿಲಿಕಾ ಕಣಗಳ ದ್ರವ) ಮತ್ತು ಜಿರ್ಕಾನ್ ಎಂಬ ಶಾಖ ತಾಳುವ ಖನಿಜದ ಹುಡಿ. ಅಚ್ಚಿಗೆ ಬಳಿಯಲು ಲೋಹ ಎರಕ ಹೊಯ್ಯುವ ಫೌಂಡ್ರಿಗಳು ಜಿರ್ಕಾನ್ ಬಳಸುತ್ತವೆ, ಹಾಗಾಗಿ ಶಿವಮೊಗ್ಗದಲ್ಲಿ ವಿಚಾರಿಸಿದರೆ ದಾರಿ ಸಿಗುತ್ತದೆ. ಮೊದಲು ಬರೀ ಸಿಲಿಕಾ ದ್ರವವನ್ನು ಸಿಂಪಡಿಸಿ ಒಣಗಿಸಿದರೆ ಹೊದಿಕೆ ಬಿರುಸಾಗುತ್ತದೆ. ಬಳಿಕ ಅದನ್ನು ಮತ್ತೆ ಲಘುವಾಗಿ ತೇವ ಮಾಡಿ, ಹುಡಿ ಕಲಸಿದ್ದನ್ನು ಕುಂಚದಿಂದ ತೆಳುವಾಗಿ ಬಳಿಯಬೇಕು. ಒಣ ಎಳೆಗೆ ಬಳಿದರೆ ಅದು ನೀರು ಹೀರಿ ಲೇಪ ಸೀಳುತ್ತದೆ. ಜಿರ್ಕಾನ್ ಭಾರ, ಕೈ ನಿಂತರೆ ಡಬ್ಬಿಯ ತಳಕ್ಕಿಳಿದು ಕಲ್ಲಾಗುತ್ತದೆ.

ಲೇಪವನ್ನು ಒಣಗಿಸಿ ಹದಗೊಳಿಸಲು ಕುಲುಮೆಯೊಳಗೆ 100 ವಾಟ್‌ನ ಹಳೆಯ ತಂತಿ ಬಲ್ಬ್ ಇಟ್ಟು, ಬಾಯಿಯನ್ನು ತಗಡಿನಿಂದ ಅರೆಮುಚ್ಚಿ ಇರುಳೆಲ್ಲ ಬಿಡುತ್ತೇನೆ. ಬೆಳಿಗ್ಗೆ ತಣ್ಣನೆಯ ಸ್ಟೀಲ್ ತಟ್ಟೆಯನ್ನು ಬಾಯಿಗೆ ಹಿಡಿದರೆ ಹಬೆ ಮೂಡಬಾರದು. ಈ ಪರೀಕ್ಷೆ ಬಲ್ಬ್ ಇರುವಾಗ ಮಾತ್ರ, ಏಕೆಂದರೆ ಗ್ಯಾಸ್ ಉರಿಯಿಂದಲೂ ನೀರಾವಿ ಬರುತ್ತದೆ. ಆಮೇಲೆ ಸಣ್ಣ ಉರಿ ಕೊಟ್ಟು, ಆರಿಸಿ, ತಣಿಸಿ, ಮತ್ತೆ ಕೊಡಬೇಕು. ಅವಸರಿಸಿದರೆ ಒಳಗಿನ ಆವಿ ಲೇಪವನ್ನು ಸಿಡಿಸುತ್ತದೆ.

ಈಗ ನನ್ನ ಕುಲುಮೆಯ ಗೋಡೆಗೆ ಜಿರ್ಕಾನ್, ಬಿಳಿಗಾರ ತೊಟ್ಟಿಕ್ಕುವ ನೆಲಕ್ಕೆ ಮಾತ್ರ ಕ್ಯಾಸ್ಟೇಬಲ್. ಹಳೆಯ ಹೊದಿಕೆ ಕೀಳುವಾಗ ನೀರು ಚಿಮುಕಿಸಿ, ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ: ಕಾದು ಕಾದು ಅದರಲ್ಲಿ ಕ್ರಿಸ್ಟೋಬಲೈಟ್ ಎಂಬ ಹರಳು ಸಿಲಿಕಾ ಆಗಿರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಕೇಡು.