ಒತ್ತಿದ್ರೆ ಹೋಗುತ್ತೆ, ಬರೋಕೆ ಮನಸ್ಸಿಲ್ಲ: 1992ರ ಮಿಯಾಟಾ ಜೊತೆ ಆರು ವರ್ಷ

ನನ್ನದು 1992ರ ಮಜ್ದಾ ಮಿಯಾಟಾ. ಎರಡೇ ಸೀಟು, ಬಟ್ಟೆಯ ಟಾಪ್, ಕಣ್ಣು ಬಿಟ್ಟ ಹಾಗೆ ಮೇಲೇಳುವ ಹೆಡ್‌ಲೈಟ್. 1.6 ಲೀಟರ್, 116 ಕುದುರೆ ಶಕ್ತಿ ಎಂಬ ಲೆಕ್ಕವೆಲ್ಲ ಈ ಕಾರಿನ ವಿಮರ್ಶೆ ಹುಡುಕಿಕೊಂಡು ಬಂದವರಿಗೆ ಬಾಯಿಪಾಠ ಇರುತ್ತದೆ, ಬಿಡಿ. ನಾನು ಬರೆಯಲು ಕೂತಿರುವುದು ಅದರ ಕ್ಲಚ್ ಪೆಡಲ್ ಬಗ್ಗೆ. ಹೋದ ವರ್ಷ ಮೂರು ತಿಂಗಳು ಅದು ನನ್ನ ತಲೆ ತಿಂದಿತ್ತು.

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಆಫೀಸಿಗೆ ಬೇರೆ ಕಾರಿದೆ. ಇದನ್ನು ಆರು ವರ್ಷದ ಹಿಂದೆ 5,200 ಡಾಲರ್ ಕೊಟ್ಟು ಸೆಕೆಂಡ್ ಹ್ಯಾಂಡ್ ತಗೊಂಡಿದ್ದು ಶನಿವಾರ ಬೆಳಗ್ಗೆಗಳಿಗೆ ಮಾತ್ರ. ಏಳು ಗಂಟೆಗೆ ಫಿಲ್ಟರ್ ಕಾಫಿ ಫ್ಲಾಸ್ಕಿಗೆ ಹಾಕಿಕೊಂಡು ಕೆಳಗೆ ಇಳಿಯುತ್ತೇನೆ. ಮೊದಲು ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಜಿಪ್ ತೆಗೆಯಬೇಕು, ಸ್ಕೂಲ್ ಬ್ಯಾಗಿನದ್ದೇ ಸದ್ದು. ಇಲ್ಲದಿದ್ದರೆ ಟಾಪ್ ಮಡಿಸುವಾಗ ಅದು ಸೀಳಿಹೋಗುತ್ತದೆ. ಆಮೇಲೆ ಎಡಕ್ಕೊಂದು, ಬಲಕ್ಕೊಂದು ಕೊಂಡಿ. ಟಾಪ್ ಹಿಂದಕ್ಕೆ ತಳ್ಳಿದರೆ ಆಕಾಶ. ಅಲ್ಲಿಂದ 84ನೇ ಹೈವೇ ಹಿಡಿದು ನೈಲ್ಸ್ ಕಣಿವೆಯೊಳಗೆ ಸುನೋಲ್ ತನಕ. ಒಂದು ಕಡೆ ತೊರೆ, ಪಕ್ಕದಲ್ಲೇ ಹಳೇ ರೈಲು ಹಳಿ. ಎರಡನೇ ಗೇರಿನಿಂದ ಮೂರಕ್ಕೆ ಬೀಳುವಾಗ ಈ ಗೇರ್ ಲಿವರ್ ಮಾಡುವ ಆ 'ಟಕ್' ಇದೆಯಲ್ಲ, ನಾನು ದುಡ್ಡು ಕೊಟ್ಟಿದ್ದೇ ಅದಕ್ಕೆ.

ಇಂಥ ಕಾರಿನ ಕ್ಲಚ್ ಹೋದ ಆಗಸ್ಟ್‌ನಲ್ಲಿ ಕೈ ಕೊಟ್ಟಿತು. ಸಂಜೆ, 880 ಹೈವೇ ಟ್ರಾಫಿಕ್‌ನಲ್ಲಿ, ಒಳ್ಳೇ ಬಿಸಿಲು. ಪೆಡಲ್ ಒತ್ತಿದೆ, ಕಾಲು ತೆಗೆದೆ, ಪೆಡಲ್ ಅರ್ಧದಲ್ಲೇ ನಿಂತಿತು. ಬೂಟಿನ ತುದಿಯಿಂದ ಮೇಲೆತ್ತಿದರೆ ಬಂತು. ಮನೆ ಸೇರುವಷ್ಟರಲ್ಲಿ ಹಾಗೆ ಹದಿನೈದು ಸಲ ಎತ್ತಿರಬೇಕು. ಮರುದಿನ ಬೆಳಗ್ಗೆ ನೋಡಿದರೆ ಏನೂ ಆಗಿಲ್ಲದ ಹಾಗೆ ಇತ್ತು.

ಮೊದಲು ನೋಡಿದ್ದು ಮ್ಯಾಟ್. ನಗಬೇಡಿ, ಮ್ಯಾಟ್ ಮಡಚಿಕೊಂಡು ಪೆಡಲ್‌ಗೆ ಅಡ್ಡ ಬರುವುದುಂಟು. ನನ್ನದು ಸರಿಯಾಗಿಯೇ ಇತ್ತು. ಆಮೇಲೆ ತಲೆಕೆಳಗಾಗಿ ಮಲಗಿ ಪೆಡಲ್ ತಿರುಗುವ ಜಾಗಕ್ಕೆ ಗ್ರೀಸ್ ಹಾಕಿದೆ. ಕಿರ್ರೆನ್ನುವ ಸದ್ದು ಹೋಯಿತು, ಅಂಟುವುದು ಹೋಗಲಿಲ್ಲ. ಬಾನೆಟ್ ಎತ್ತಿ ಕ್ಲಚ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಕಾಫಿ ಡಿಕಾಕ್ಷನ್! ಹಿಂದಿನ ಮಾಲೀಕರು ಅದನ್ನು ಮುಟ್ಟಿದ ಹಾಗಿರಲಿಲ್ಲ. ನಾನೂ ಐದು ವರ್ಷ ಮುಟ್ಟಿರಲಿಲ್ಲ, ಅದು ಬೇರೆ ಮಾತು. ಇದಕ್ಕೆ ಹಾಕುವುದು ಬ್ರೇಕ್ ಆಯಿಲ್ಲೇ, ಡಾಟ್ 3 ಎಂಬ ದರ್ಜೆಯದು. ಅದು ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದೆ. ಹೊಸದಿದ್ದಾಗ ಕಡಿಮೆ ಅಂದರೂ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಬಿಸಿಲಲ್ಲಿ ಮಾತ್ರ ತೊಂದರೆ ಬರುತ್ತಿತ್ತಲ್ಲ, ಈ ಆಯಿಲ್ಲೇ ಕುದಿಯುತ್ತಿರಬೇಕು, ಕಳ್ಳ ಸಿಕ್ಕಿದ ಅಂದುಕೊಂಡೆ.

ಪೆಡಲ್ ಒತ್ತಿದರೆ ಮೇಲಿನ ಮಾಸ್ಟರ್ ಸಿಲಿಂಡರ್ ಆಯಿಲನ್ನು ಪೈಪಿನಲ್ಲಿ ಕೆಳಗೆ ತಳ್ಳುತ್ತದೆ, ಅಲ್ಲಿರುವ ಸ್ಲೇವ್ ಸಿಲಿಂಡರ್ ಕ್ಲಚ್ ಬಿಡಿಸುತ್ತದೆ. ಆ ಸ್ಲೇವಿನ ರಬ್ಬರ್ ಟೊಪ್ಪಿ ಸರಿಸಿದರೆ ಒಳಗೂ ಒದ್ದೆ. ಸೀಲ್ ಸೋರುತ್ತಿತ್ತು. ಹೊಸ ಸಿಲಿಂಡರಿಗೆ 34 ಡಾಲರ್, ಎರಡು ಬೋಲ್ಟಿನ ಕೆಲಸ. ಆಯಿಲ್ ಬದಲಿಸಿ, ಪೈಪಿನೊಳಗೆ ಸೇರಿದ ಏರ್ ತೆಗೆದು ಮುಗಿಸಿದೆ. ಅವಸರದಲ್ಲಿ ಫೆಂಡರ್ ಮೇಲೆ ಎರಡು ಹನಿ ಬೀಳಿಸಿ ಒರೆಸದೆ ಬಿಟ್ಟಿದ್ದೆ, ಅಲ್ಲಿಯ ಪೇಂಟ್ ಎದ್ದುಬಂತು. ಇವತ್ತಿಗೂ ಬಾಗಿಲು ತೆಗೆಯುವಾಗ ಅದೇ ಕಣ್ಣಿಗೆ ಬೀಳುತ್ತದೆ.

ಎರಡು ವಾರ ಚೆನ್ನಾಗಿತ್ತು. ಮೂರನೇ ಶನಿವಾರ ಮತ್ತೆ ಅದೇ ರಾಗ.

ಒಂದು ಗ್ಯಾರೇಜಿಗೆ ಹೋದೆ. ಕಾರಿನ ಕೆಳಗೆ ಸರಿಯಾಗಿ ಬಗ್ಗಿಯೂ ನೋಡದೆ "ಮಾಸ್ಟರ್ ಸಿಲಿಂಡರ್, ಕ್ಲಚ್ ಪ್ಲೇಟ್ ಎಲ್ಲ ಬದಲಿಸಬೇಕು, 1,400 ಡಾಲರ್" ಅಂದರು. ಕಾರು ತಗೊಂಡಿದ್ದೇ 5,200ಕ್ಕೆ! ಆವತ್ತು ಮನೆಗೆ ಬಂದು ಮಾರುವ ಜಾಹೀರಾತಿಗೆ ಫೋಟೋನೂ ತೆಗೆದೆ. ವಾರಕ್ಕೆ ಒಂದೂವರೆ ಗಂಟೆ ಖುಷಿಗೆ ಇಷ್ಟೆಲ್ಲ ಯಾಕೆ ಅನ್ನಿಸಿಬಿಟ್ಟಿತು.

ಆಗ ಊರಿಂದ ಅಮ್ಮ ಬಂದಿದ್ದರು. ಇನ್ನೊಂದು ಸಲ ಏರ್ ತೆಗೆದು ನೋಡೋಣ ಎಂದು ಅವರನ್ನು ಡ್ರೈವರ್ ಸೀಟಲ್ಲಿ ಕೂರಿಸಿದೆ. ಹೆಂಡತಿ ಮೀಟಿಂಗಲ್ಲಿದ್ದಳು, ಬೇರೆ ದಾರಿ ಇರಲಿಲ್ಲ. ಅಮ್ಮನಿಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ಹಾಸನದಲ್ಲಿ ಮೂವತ್ತು ವರ್ಷ ಹೊಲಿಗೆ ಮಿಷನ್ ತುಳಿದ ಕಾಲು. ನಾಲ್ಕು ಸಲ ಒತ್ತಿದವರೇ ಹೇಳಿದರು:

"ಒತ್ತಿದ್ರೆ ಸರಿಯಾಗೇ ಹೋಗುತ್ತೆ ಕಣೋ. ಬರೋಕೆ ಮಾತ್ರ ಮನಸ್ಸಿಲ್ಲ ಇದಕ್ಕೆ."

ಕಾರಿನ ಕೆಳಗೆ ಮಲಗಿದ್ದವನಿಗೆ ಆಗ ಹೊಳೆಯಿತು. ಒಳಗೆ ಗಾಳಿ ಇದ್ದರೆ ಒತ್ತುವಾಗಲೇ ಪೆಡಲ್ ಮೆತ್ತಗಿರಬೇಕು, ಕ್ಲಚ್ ಪೂರ್ತಿ ಬಿಡದೆ ಗೇರ್ ಕರಕರ ಅನ್ನಬೇಕು. ನನಗೆ ಗೇರ್ ಯಾವತ್ತೂ ಸಲೀಸಾಗಿ ಬಿದ್ದಿದೆ. ಬಿದ್ದ ಮೇಲೆ ಒಂದು ಕ್ಷಣ ಎಂಜಿನ್ ಸುಮ್ನೆ ಕೂಗುತ್ತಿತ್ತು, ಕಾರು ಎಳೆಯುತ್ತಿರಲಿಲ್ಲ. ಅಂದರೆ ಕ್ಲಚ್ ಬಿಡುತ್ತಿದೆ, ಮತ್ತೆ ಹಿಡಿಯುವುದು ಮಾತ್ರ ತಡವಾಗುತ್ತಿದೆ. ಕೆಳಗೆ ಹೋದ ಆಯಿಲ್ ವಾಪಸ್ ಬರಲಾಗದೆ ಎಲ್ಲೋ ಸಿಕ್ಕಿಕೊಂಡಿದೆ.

ಮುಂದಿನ ಪರೀಕ್ಷೆ ಸುಲಭ. ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿಯೇ ಇದ್ದೆ, ಬರೀ ಜಾಕ್ ನಂಬಿ ಯಾರೂ ಕೆಳಗೆ ಮಲಗಬೇಡಿ. ಅಮ್ಮ ಪೆಡಲ್ ಬಿಟ್ಟರೂ ಸ್ಲೇವಿನ ತಳ್ಳಿಗೆ ಅಲುಗುವ ಫೋರ್ಕ್ (ಕ್ಲಚ್ ಬಿಡಿಸುವ ಸನ್ನೆ) ಎರಡು ಸೆಕೆಂಡ್ ಅಲ್ಲೇ ನಿಲ್ಲುತ್ತಿತ್ತು. ಅದೇ ಗಳಿಗೆಗೆ ಸ್ಲೇವಿನ ಏರ್ ತೆಗೆಯುವ ಸ್ಕ್ರೂ ಸಡಿಲಿಸಿದರೆ ಆಯಿಲ್ ಪಿಚಕ್ಕನೆ ಹಾರಿ ಫೋರ್ಕ್ ತಕ್ಷಣ ಹಿಂದಕ್ಕೆ ಬಂತು. ಮುಂದಿನ ಸಲ ಸ್ಲೇವಿಗೆ ಆಯಿಲ್ ತರುವ ಹೋಸ್ ಪೈಪಿನ ಮೇಲ್ತುದಿಯ ಜಾಯಿಂಟ್ ಸಡಿಲಿಸಿದೆ. ಫೋರ್ಕ್ ಬೇಗ ಬರಲಿಲ್ಲ, ಮೊದಲಿನ ಹಾಗೆಯೇ ನಿಧಾನ. ಮಾಸ್ಟರ್ ಸಿಲಿಂಡರ್ ತಪ್ಪಿಲ್ಲ. ಒಂದು ಗೇಣಿನಷ್ಟು ರಬ್ಬರ್ ಹೋಸ್ ಒಳಗೇ ಊದಿಕೊಂಡು, ಹೋಗುವಾಗ ಬಿಟ್ಟು, ಬರುವಾಗ ತಡೆಯುತ್ತಿತ್ತು. ಬಿಸಿಯಾದರೆ ಇನ್ನೂ ಜಾಸ್ತಿ. 30 ವರ್ಷ ದಾಟಿದ ರಬ್ಬರ್, ಇದಕ್ಕೆ ಕಾರನ್ನು ಬೈದು ಏನು ಮಾಡುವುದು?

ಹೊಸ ಹೋಸ್ 22 ಡಾಲರ್. ಬಿಚ್ಚಿದ ಹಳೆಯದಕ್ಕೆ ಬಾಯಿಟ್ಟು ಊದಬೇಕು ಅನ್ನಿಸಿತು, ಬ್ರೇಕ್ ಆಯಿಲ್ ವಿಷ ಅಂತ ನೆನಪಾಗಿ ಬಿಟ್ಟೆ. ಕೊಯ್ದು ನೋಡಿದರೆ ಒಳಗಿನ ತೂತು ಗುಂಡುಸೂಜಿ ಹೋಗುವಷ್ಟೇ ಇತ್ತು. ಹೊಸದು ಹಾಕಿ ಏರ್ ತೆಗೆಯುವಾಗಲೂ ಅಮ್ಮನೇ ಪೆಡಲ್ ಮೇಲೆ. "ಒತ್ತಮ್ಮ", "ಹಿಡ್ಕೋ", "ಈಗ ಬಿಡು". ಇಪ್ಪತ್ತು ಸಲ ಆದ ಮೇಲೆ, "ಈಗ ಬಂತು ನೋಡು" ಅಂತ ಅವರೇ ಇಳಿದುಬಿಟ್ಟರು.

ಹತ್ತು ತಿಂಗಳಾಯಿತು, ಪೆಡಲ್ ಒಮ್ಮೆಯೂ ನಿಂತಿಲ್ಲ. ಆಯಿಲ್ ಈಗ ಎರಡು ವರ್ಷಕ್ಕೊಮ್ಮೆ ಎಂದು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ. ಮಾರುವ ಫೋಟೋಗಳನ್ನು ಅಳಿಸಿದೆ. ದಿನಾ ಆಫೀಸಿಗೆ ಇದೊಂದೇ ಕಾರು ಸಾಕು ಅನ್ನುವವರಿಗೆ ನಾನು ಬೇಡ ಅನ್ನುತ್ತೇನೆ. ಕೈಗೆ ಗ್ರೀಸ್ ಆದರೆ ಬೇಜಾರಿಲ್ಲ, ಮನೆಯಲ್ಲಿ ಇನ್ನೊಂದು ಗಾಡಿ ಇದೆ ಅನ್ನುವವರು ತಗೊಳ್ಳಿ. ನೋಡಲು ಹೋದಾಗ ಮೊದಲು ಆ ಸಣ್ಣ ಡಬ್ಬಿಯ ಮುಚ್ಚಳ ತೆಗೆಯಿರಿ. ಆಯಿಲ್ ಕಪ್ಪಗಿದ್ದರೆ ಸ್ಲೇವ್ ಮತ್ತು ಹೋಸ್ ಎರಡಕ್ಕೂ ಸೇರಿಸಿ ನೂರು ಡಾಲರ್ ಚೌಕಾಸಿ ಮಾಡಿ. ನನಗೀಗ ಉಳಿದಿರುವುದು ಹಿಂದಿನ ಕಿಟಕಿ. ಪ್ಲಾಸ್ಟಿಕ್ ಹಳದಿಗಟ್ಟಿ, ಹಿಂದೆ ಬರುವ ಗಾಡಿ ಮಂಜಿನಲ್ಲಿ ಕಂಡ ಹಾಗೆ ಕಾಣುತ್ತದೆ. ನವೆಂಬರಿನ ಮಳೆಗೆ ಮುಂಚೆ ಬದಲಿಸಬೇಕು.