ಟಿವಿಎಸ್ ಗೋಲ್ಡ್: ಕಟಕಟ ಕೀಬೋರ್ಡಿಗೇ ನನ್ನ ಓಟು

ಟಿವಿಎಸ್ ಗೋಲ್ಡ್ ಕೀಬೋರ್ಡ್ ನೋಡಲು ಚೆನ್ನಾಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡದು, ಕಪ್ಪು, ಭಾರ. ಬಣ್ಣದ ಲೈಟಿಲ್ಲ, ಬ್ಲೂಟೂತ್ ಇಲ್ಲ. ಬ್ಯಾಂಕಿನ ಕೌಂಟರಿಂದ ಎತ್ತಿಕೊಂಡು ಬಂದ ಹಾಗೆ ಕಾಣುತ್ತದೆ. ಆದರೂ ಸುಮಾರು ಮೂರು ಸಾವಿರ ರೂಪಾಯಿ ಕೊಟ್ಟು ಮತ್ತೆ ಇದನ್ನೇ ತಂದಿದ್ದೇನೆ. ನಾನೂರು ಐನೂರಕ್ಕೆ ಕೀಬೋರ್ಡ್ ಸಿಗುವಾಗ ಇದ್ಯಾಕೆ ಎಂದು ಮನೆಯಲ್ಲಿ ಕೇಳಿದರು. ಅದಕ್ಕೆ ಉತ್ತರ ಸ್ವಲ್ಪ ಉದ್ದವಿದೆ.

ನಾನು ಕಂಪ್ಯೂಟರ್ ಮುಟ್ಟಿದ್ದು ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದಲ್ಲಿ. ಆಮೇಲೆ ಶಿವಮೊಗ್ಗದಲ್ಲಿ ಡಿಟಿಪಿ ಅಂಗಡಿ ಇಟ್ಟೆ. ಮದುವೆ ಕರೆಯೋಲೆ, ಸಹಕಾರ ಸಂಘದ ವಾರ್ಷಿಕ ವರದಿ, ಕವನ ಸಂಕಲನ, ಏನು ಬಂದರೂ ಟೈಪ್ ಮಾಡಿಕೊಟ್ಟಿದ್ದೇನೆ. ಆಗಿನ ಫ್ಲಾಪಿಯಲ್ಲಿ ಹಿಡಿಯುತ್ತಿದ್ದುದು 1.44 ಎಂಬಿ. ಈಗಿನ ಫೋನಿನ ಒಂದು ಫೋಟೋ ಅದರೊಳಗೆ ಕೂರುವುದು ಕಷ್ಟ. ಡಿಸ್ಕ್, ಪರದೆ, ಪ್ರೊಸೆಸರ್ ಎಲ್ಲವೂ ಎಲ್ಲಿಂದ ಎಲ್ಲಿಗೋ ಹೋದವು. ಬೆರಳಿಗೆ ತಾಗುವ ಕೀಬೋರ್ಡ್ ಮಾತ್ರ ವರ್ಷದಿಂದ ವರ್ಷಕ್ಕೆ ಸೋವಿಯಾಯಿತು. ಐವತ್ತು ಸಾವಿರದ ಲ್ಯಾಪ್‌ಟಾಪ್ ತೆಗೆದುಕೊಂಡರೂ ಕೀ ಒತ್ತಿದರೆ ಬಿಸ್ಕತ್ ಪ್ಯಾಕೆಟ್ ಒತ್ತಿದ ಹಾಗಿರುತ್ತದೆ.

ಹಿಂದೆ ಹೀಗಿರಲಿಲ್ಲ. 1985ರಲ್ಲಿ ಐಬಿಎಂ ತಂದ ಮಾಡೆಲ್ ಎಂ ಕೀಬೋರ್ಡಿನಲ್ಲಿ ಪ್ರತಿ ಕೀ ಕೆಳಗೂ ಒಂದು ಸ್ಪ್ರಿಂಗ್ ಇತ್ತು. ಒತ್ತಿದಾಗ ಅದು ಟಕ್ಕನೆ ಬಾಗುತ್ತಿತ್ತು. ಅಕ್ಷರ ಬಿತ್ತು ಅಂತ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತಿತ್ತು. ಆಮೇಲೆ ಖರ್ಚು ಉಳಿಸಲು ಎಲ್ಲರೂ ರಬ್ಬರಿಗೆ ಬಂದರು. ಈಗಿನ ಸಾಮಾನ್ಯ ಕೀಬೋರ್ಡಿನೊಳಗೆ ತೆಳು ಪ್ಲಾಸ್ಟಿಕ್ ಹಾಳೆಗಳು, ಮೇಲೊಂದು ರಬ್ಬರ್ ಗುಳ್ಳೆ, ಅಷ್ಟೇ. ಕೀ ಪೂರ್ತಿ ತಳ ಮುಟ್ಟಿದರೆ ಮಾತ್ರ ಹಾಳೆಗಳು ಸೇರಿ ಅಕ್ಷರ ಬೀಳುತ್ತದೆ. ದಿನವಿಡೀ ಹಾಗೆ ತಳಕ್ಕೆ ಕುಟ್ಟಿದರೆ ಸಂಜೆಗೆ ಬೆರಳಿನ ಗೆಣ್ಣು ನೋಯುವುದಿಲ್ಲವೇ?

ಗೋಲ್ಡ್‌ನಲ್ಲಿರುವುದು ಚೆರ್ರಿ ಕಂಪನಿಯ ನೀಲಿ ಸ್ವಿಚ್ಚು, ಪ್ರತಿ ಕೀ ಕೆಳಗೂ ಸ್ಪ್ರಿಂಗ್ ಇರುವ ಒಂದೊಂದು. ಕೀ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ, ಆದರೆ 2.2 ಮಿಲಿಮೀಟರಿಗೇ ಅಕ್ಷರ ಬೀಳುತ್ತದೆ. ಅದೇ ಹೊತ್ತಿಗೆ ಕಟ್ ಅಂತ ಸದ್ದೂ ಬರುತ್ತದೆ. ಸದ್ದು ಕೇಳಿದ ಕೂಡಲೇ ಬೆರಳು ಎತ್ತಬಹುದು, ತಳ ಮುಟ್ಟಿಸಬೇಕಿಲ್ಲ. ಇದನ್ನು ಕೈಗೆ ಕಲಿಸಲು ಒಂದು ವಾರವಾದರೂ ಬೇಕು. ಕಲಿತ ಮೇಲೆ ರಬ್ಬರ್ ಕೀಬೋರ್ಡ್ ಮುಟ್ಟಲು ಮನಸ್ಸು ಬರುವುದಿಲ್ಲ.

ಕನ್ನಡದಲ್ಲಿ ಟೈಪ್ ಮಾಡುವವರಿಗಂತೂ ಇದರ ಲಾಭ ಜಾಸ್ತಿ. ನಾನು ಬಳಸುವುದು ಕಂಪ್ಯೂಟರಿನಲ್ಲಿ ಕನ್ನಡಕ್ಕೆ ದಾರಿ ಮಾಡಿಕೊಟ್ಟ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಅಂದರೆ ಯಾವ ಕೀಗೆ ಯಾವ ಅಕ್ಷರ ಎಂಬ ಜೋಡಣೆ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಮೂಲಕ ನಮ್ಮಂಥ ಎಲ್ಲ ಡಿಟಿಪಿಯವರ ಕೈಗೆ ಬಂದದ್ದು ಅದೇ. ಅದರಲ್ಲಿ 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಬೇಕು. ನಡುವೆ ಬಂದ ಎಫ್ ಎಂದರೆ ಅರ್ಧಾಕ್ಷರ. ಒತ್ತು ಬಂದಲ್ಲೆಲ್ಲ ಎಫ್ ಬೇಕು. 'ಸ್ವಾತಂತ್ರ್ಯ' ಎಂಬ ಒಂದೇ ಪದಕ್ಕೆ ಮೂರು ಸಲ. ನಮ್ಮ ಭಾಷೆಯಲ್ಲಿ ಒತ್ತಿಲ್ಲದ ಸಾಲು ಹುಡುಕಿದರೂ ಸಿಗುವುದಿಲ್ಲ, ಅಲ್ವಾ? ಹಾಗಾಗಿ ಎಡಗೈ ತೋರುಬೆರಳಿಗೆ ಇಡೀ ದಿನ ಬಿಡುವಿಲ್ಲ. ರಬ್ಬರ್ ಕೀಬೋರ್ಡುಗಳಲ್ಲಿ ಎಫ್ ಕೀ ಬೇಗ ಸಡಿಲವಾಗುತ್ತದೆ. ವೇಗದಲ್ಲಿ ಅದು ಒಮ್ಮೆ ಬೀಳದೇ ಹೋದರೆ 'ಅಪ್ಪ' ಎಂಬುದು 'ಅಪಪ' ಆಗಿ ಕೂತಿರುತ್ತದೆ. ಕರೆಯೋಲೆಯಲ್ಲಿ ಹಾಗಾದರೆ ಗಿರಾಕಿ ಸುಮ್ನೆ ಬಿಡುತ್ತಾರೆಯೇ? ಗೋಲ್ಡ್‌ನಲ್ಲಿ ಸದ್ದು ಬರಲಿಲ್ಲ ಎಂದರೆ ಒತ್ತು ಬೀಳಲಿಲ್ಲ ಎಂದೇ ಅರ್ಥ. ಪರದೆ ನೋಡದೆ, ಕಣ್ಣನ್ನು ಹಸ್ತಪ್ರತಿಯ ಮೇಲೇ ಇಟ್ಟು ಹೊಡೆಯುವವರಿಗೆ ಇದಕ್ಕಿಂತ ಒಳ್ಳೆಯ ಕಾವಲು ಬೇರೆ ಇಲ್ಲ.

ಇಷ್ಟು ಹೇಳಿದೆ ಅಂತ ಹಳೆಯದೆಲ್ಲ ಚೆನ್ನಾಗಿತ್ತು ಎನ್ನುವ ಜಾತಿಯವನಲ್ಲ ನಾನು. ಫ್ಲಾಪಿ ಹೋಗಿದ್ದು ಒಳ್ಳೆಯದೇ ಆಯಿತು. ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತವಾದ ಯೂನಿಕೋಡ್ ಬಂದದ್ದಂತೂ ನನ್ನ ಪಾಲಿಗೆ ಇಂಟರ್ನೆಟ್‌ಗಿಂತ ದೊಡ್ಡ ಸಂಗತಿ. ಆಗ ನುಡಿಯದು ಒಂದು ಸಂಕೇತ, ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ್ದು ಬೇರೆ. ಒಂದರಲ್ಲಿ ಬರೆದದ್ದನ್ನು ಇನ್ನೊಂದು ಫಾಂಟಿನಲ್ಲಿ ತೆರೆದರೆ ಇಡೀ ಪುಟ ಕಸ. ಪೇಜ್‌ಮೇಕರ್ ಎಂಬ ಪುಟ ಕಟ್ಟುವ ತಂತ್ರಾಂಶಕ್ಕೆ ಕನ್ನಡ ಯೂನಿಕೋಡ್ ಅರ್ಥವೇ ಆಗುತ್ತಿರಲಿಲ್ಲ. ಪ್ರೆಸ್‌ಗಳು ಎಷ್ಟೋ ಕಾಲ ಹಳೆಯ ಫಾಂಟುಗಳಿಗೇ ಅಂಟಿಕೊಂಡಿದ್ದಕ್ಕೆ ಅದೂ ಒಂದು ಕಾರಣ. ಈಗ ಫೋನಿಗೆ ಕನ್ನಡದಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ನಮ್ಮ ಕಾಲದಲ್ಲಿ ಇದನ್ನು ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಇನ್ನು ಗೋಲ್ಡ್‌ನ ಕೊರತೆಗಳು. ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು, ಸದ್ದು. ರಾತ್ರಿ ಹತ್ತರ ಮೇಲೆ ನಾನು ಟೈಪ್ ಮಾಡಿದರೆ ಪಕ್ಕದ ಕೋಣೆಯಿಂದ ಗೋಡೆ ಬಡಿಯುತ್ತಾರೆ. ಫೋನಲ್ಲಿ ಮೀಟಿಂಗ್ ಮಾಡುತ್ತ ಟೈಪ್ ಮಾಡುವವರು ಇದನ್ನು ಮರೆತುಬಿಡಿ. ವೈರು ಬಿಚ್ಚಲು ಬರುವುದಿಲ್ಲ. ನಂಬರ್ ಪ್ಯಾಡ್ ಇರುವುದರಿಂದ ಮೌಸನ್ನು ತುಂಬಾ ಬಲಕ್ಕೆ ಇಡಬೇಕು. ನನ್ನಂತೆ ಲೆಕ್ಕದ ಪಟ್ಟಿ ಹೊಡೆಯುವವರಿಗೆ ಆ ಪ್ಯಾಡ್ ಬೇಕೇ ಬೇಕು, ಬಿಡಿ. ಕೀಗಳ ಮೇಲೆ ಕನ್ನಡ ಅಕ್ಷರ ಇಲ್ಲ. ಹೊಸಬರಿಗೆ ಇದು ತೊಡಕು, ಆದರೆ ಕೀ ನೋಡದೆ ಕಲಿಯುವುದೇ ಮೇಲು.

ರೂಪಾಯಿ ಚಿಹ್ನೆ ನಾಲ್ಕರ ಕೀ ಮೇಲಿದೆ. ಅದು ಬರುವುದಿಲ್ಲ ಎಂದು ಎಷ್ಟೋ ಜನ ಬಯ್ಯುತ್ತಾರೆ. ತಪ್ಪು ಕೀಬೋರ್ಡಿನದಲ್ಲ. ವಿಂಡೋಸ್‌ನಲ್ಲಿ ಭಾಷೆಯನ್ನು 'ಇಂಗ್ಲಿಷ್ ಇಂಡಿಯಾ' ಮಾಡಿಕೊಂಡು, ಬಲಗಡೆಯ ಆಲ್ಟ್ ಜೊತೆ 4 ಒತ್ತಿ, ಬರುತ್ತದೆ. ಲಿನಕ್ಸ್ ಬಳಸುವವರಿಗೆ ಆ ಕೆ.ಪಿ. ರಾವ್ ವಿನ್ಯಾಸ ಕಗಪ ಎಂಬ ಹೆಸರಲ್ಲಿ ಸೆಟ್ಟಿಂಗಿನಲ್ಲೇ ಇದೆ, ಆರಿಸಿಕೊಂಡರೆ ಸಾಕು.

ಇನ್ನೊಂದು ಚಿಕ್ಕ ಸಂತೋಷ. ಡಾಸ್ ಕಾಲದಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದೆಯೋ ಸತ್ತಿದೆಯೋ ನೋಡಲು ನಂಬರ್ ಪ್ಯಾಡಿನ 'ನಮ್ ಲಾಕ್' (Num Lock) ಕೀ ಒತ್ತುತ್ತಿದ್ದೆವು. ಲೈಟು ಬದಲಾದರೆ ಇನ್ನೂ ಜೀವವಿದೆ, ಬದಲಾಗದಿದ್ದರೆ ಸ್ವಿಚ್ ಆಫ್ ಮಾಡಬೇಕು. ಈಗಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಆ ಲೈಟೇ ಇಲ್ಲ. ಇದರಲ್ಲಿದೆ, ನಾನು ಇವತ್ತಿಗೂ ಹಾಗೇ ಪರೀಕ್ಷೆ ಮಾಡುತ್ತೇನೆ.

ಕೊಳ್ಳುವಾಗ ಡಬ್ಬಿಯ ಮೇಲಿನ ಹೆಸರನ್ನು ಸರಿಯಾಗಿ ಓದಿ. ಇದೇ ಕಂಪನಿಯ ಚಾಂಪ್ ಕೀಬೋರ್ಡ್ ಬೇರೆ, ಅದು ರಬ್ಬರಿನದು, ಬೆಲೆಯೂ ತುಂಬಾ ಕಡಿಮೆ. ಟಿವಿಎಸ್ ಕೊಡಿ ಎಂದಷ್ಟೇ ಕೇಳಿದರೆ ಅಂಗಡಿಯವರು ಅದನ್ನೇ ಕೊಟ್ಟಾರು. ದಿನಕ್ಕೆ ಒಂದೆರಡು ಗಂಟೆಯಾದರೂ ಕನ್ನಡ ಟೈಪ್ ಮಾಡುವವರಾದರೆ ಗೋಲ್ಡ್ ತೆಗೆದುಕೊಳ್ಳಿ. ವಾಟ್ಸಾಪಿಗೆ ನಾಲ್ಕು ಸಾಲು ಉತ್ತರ ಬರೆಯುವುದಷ್ಟೇ ಕೆಲಸವಾದರೆ ಮೂರು ಸಾವಿರ ದಂಡ. ಫೋನಿಗೆ ಬಾಯಲ್ಲೇ ಹೇಳಿ.